ಸೋತ ಸೆಲ್ಲು, ಅತ್ತೆಯ ಬಜರು

ಗಂಟಲಿನ ಆಪರೇಷನ್ ಆದ ಮೇಲೆ ಒಂದು ತಿಂಗಳು ತುಟಿ ಬಿಚ್ಚಕೂಡದೆಂದು ಡಾಕ್ಟರು ಅತ್ತೆಗೆ ಕಟ್ಟಪ್ಪಣೆ ಮಾಡಿದ್ದರು. ಸೊಸೆ ರೇಡಿಯೊ ರಿಪೇರಿಯವಳು. ಕರೆಯಲು ಒಂದು ಬಜರ್ ಮಾಡಿಕೊಟ್ಟರಾಯಿತು, ಅರ್ಧ ಗಂಟೆಯ ಕೆಲಸ ಎಂದುಕೊಂಡಳು. ಬಜರಿಗೆ ಐದು ವೋಲ್ಟ್ ಬೇಕು. ಹೊಸ ಸೆಲ್ ತರಲು ಚಪ್ಪಲಿ ಮೆಟ್ಟಿದ್ದೇ ತಡ, ಅತ್ತೆ ಸ್ಲೇಟು ಎತ್ತಿ ಹಿಡಿದರು: 'ಹೊಸದು ಯಾಕೆ? ಡಬ್ಬಿ ತುಂಬ ಇದೆಯಲ್ಲ.'

ಡಬ್ಬಿಯಲ್ಲಿದ್ದವು ಗಡಿಯಾರ, ರಿಮೋಟು, ಟಾರ್ಚುಗಳು ಹಿಂಡಿ ಹಿಪ್ಪೆ ಮಾಡಿ ಬಿಟ್ಟ ಸೆಲ್‌ಗಳು. ಮೀಟರ್ ಹಿಡಿದರೆ ಒಂದೂ ಒಂದು ವೋಲ್ಟ್ ದಾಟಲಿಲ್ಲ.

"ಇದರಲ್ಲಿ ಜೀವ ಇಲ್ಲ ಅತ್ತೆ."

'ನಿನಗೆ ಎಬ್ಬಿಸೋಕೆ ಬರಲ್ವಾ?' ಎಂದಿತು ಸ್ಲೇಟು.

ಅದು ಸರಿಯಾಗಿ ನಾಟಿತು. ಹಟಕ್ಕೆ ಬಿದ್ದ ಸೊಸೆ ಹಾಳೆಯ ಮೇಲೊಂದು ಚಿತ್ರ ಗೀಚಿಕೊಂಡು, ಕೆಟ್ಟ ಸಿಎಫ್‌ಎಲ್ ಬಲ್ಬಿನೊಳಗಿನ ಕಪ್ಪು ಉಂಗುರ ಬಿಡಿಸಿ, ಅದಕ್ಕೆ ಎರಡು ತಾಮ್ರದ ಎಳೆಗಳನ್ನು ಜೋಡಿಯಾಗಿ ಸುತ್ತಿ, ಒಂದು ಟ್ರಾನ್ಸಿಸ್ಟರ್ ಬೆಸೆದಳು. ಚೂರುಪಾರು ವೋಲ್ಟನ್ನು ಒದ್ದು ಮೇಲೇರಿಸುವ ಸರ್ಕ್ಯೂಟು, ಕಣ್ಣು ಮುಚ್ಚಿ ಮಾಡುವಂಥದ್ದು. ಗುಂಡಿ ಒತ್ತಿದಳು. ಪಿಟಕ್ಕೆನ್ನಲಿಲ್ಲ. ಟ್ರಾನ್ಸಿಸ್ಟರ್ ಬದಲಿಸಿದಳು, ಸೆಲ್ ಬದಲಿಸಿದಳು, ಎಲ್ಲ ಬಿಚ್ಚಿ ಮತ್ತೆ ಸುತ್ತಿದಳು. ಊಹೂಂ. ಇದರ ಮೇಲೆ ಸ್ಲೇಟಿಗೆ ಬಳಪ ಕುಟ್ಟುವ ಟಕಟಕ ಬೇರೆ.

"ಬಿಸಿನೀರು ಆಮೇಲೆ ಕೊಡ್ತೀನಿ ಅತ್ತೆ!"

ಟಕಟಕ.

"ಅಯ್ಯೋ, ಏನು ನಿಮ್ಮದು!" ಇಕ್ಕಳ ಕುಕ್ಕಿ ತಿರುಗಿದಳು.

'ಚಿತ್ರದಲ್ಲಿ ಒಂದು ಎಳೆಯ ತಲೆಗೆ ಇನ್ನೊಂದರ ಬಾಲ ಇದೆ. ನೀನು ಎರಡರ ತಲೇನೂ ಸೇರಿಸಿದ್ದೀಯ.'

ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಕಣ್ಣು ಅದು. ಎಳೆ ಎಲ್ಲಿಂದ ಹೊರಟು ಎಲ್ಲಿ ಹೋಯಿತೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಸೊಸೆ ತಾನೇ ಬರೆದ ಚಿತ್ರ ನೋಡಿದಳು, ಉಂಗುರ ನೋಡಿದಳು. ಕಿವಿ ಬಿಸಿಯಾಯಿತು. ಒಂದು ಎಳೆಯನ್ನು ಬಿಡಿಸಿ, ತಿರುಗಿಸಿ ಬೆಸೆದಳು. ಬಜರ್ ಕಿರ್ರೆಂದು ಕಿರುಚಿತು.

ಸಂಜೆ ಗಂಡ ಬರುವಷ್ಟರಲ್ಲಿ ಅದು ಇಪ್ಪತ್ತೆರಡು ಸಲ ಕಿರುಚಿತ್ತು. ಕಿಟಕಿ ತೆರೆ, ಕಿಟಕಿ ಮುಚ್ಚು, ಪಕ್ಕದ ಮನೆಗೆ ಯಾರು ಬಂದರು, ಏನಿಲ್ಲ ಸುಮ್ಮನೆ ಒತ್ತಿ ನೋಡಿದೆ.

"ಡಾಕ್ಟ್ರು ನಿಮ್ಮಮ್ಮನ ಬಾಯಿ ಮುಚ್ಚಿಸಿದ್ರು ರೀ," ಎಂದಳು ತಲೆ ಹಿಡಿದುಕೊಂಡು. "ನಾನೇ ಕೂತು ಇನ್ನೊಂದು ಮಾಡಿಕೊಟ್ಟೆ."

ಒಳಗೆ ಮತ್ತೆ ಕಿರ್ರ್. ಹಲ್ಲು ಕಚ್ಚಿಕೊಂಡೇ ಹೋದಳು.

'ನಿನ್ನ ಅಂಗಡೀಲಿ ಹೀಗೆ ಎಳೆ ಸುತ್ತೋ ಕೆಲಸ ಇದ್ದರೆ ನಾಳೆ ತಾ. ಸುಮ್ಮನೆ ಕೂತು ಸಾಕಾಯ್ತು.'

ಸೊಸೆ ಅದನ್ನು ಎರಡು ಸಲ ಓದಿದಳು.

"ತರ್ತೀನಿ. ಆ ಬಜರ್ ಇತ್ಲಾಗೆ ಕೊಡಿ."

ಅತ್ತೆ ಅದನ್ನು ದಿಂಬಿನಡಿಗೆ ತಳ್ಳಿ, ಗೋಡೆಯ ಕಡೆ ಮಗ್ಗುಲಾದರು.