ಮೇಲೇಳುವ ನೆಲ

ಕಡಲಂಚಿನ ಆ ಬೀದಿಯವರಿಗೆಲ್ಲ ಮನೆಯ ನೆಲ ಎತ್ತರಿಸಿಕೊಡುವುದೇ ಮೇಸ್ತ್ರಿಯ ಕಸುಬು. ಸಮುದ್ರ ಏರಿದಾಗಲೆಲ್ಲ ಕಲ್ಲುಪುಡಿ ಸುರಿದು, ಗಟ್ಟಿಸಿ, ಮೇಲೆ ಸಿಮೆಂಟು ಹಾಕುತ್ತಾನೆ. ನೆಲ ಏರಿದಷ್ಟೇ ಬಾಗಿಲನ್ನು ಕೆಳಗಿನಿಂದ ಕೊಯ್ಯುತ್ತಾನೆ. ಸೂರು ಮಾತ್ರ ಇದ್ದಲ್ಲೇ ಇರುತ್ತದೆ. ಅವನ ಸ್ವಂತ ಮನೆಯಲ್ಲಿ ಫ್ಯಾನು ಬಿಚ್ಚಿಟ್ಟು ಎಷ್ಟೋ ಕಾಲವಾಗಿತ್ತು, ಕಿಟಕಿ ಮೊಣಕಾಲ ಮಟ್ಟಕ್ಕೆ ಬಂದಿತ್ತು. "ನನ್ ಹೆಂಡ್ತಿ ಈ ವಯಸ್ಸಲ್ಲೂ ಬೆಳೀತಿದಾಳೆ ನೋಡಿ, ತಲೆ ಸೂರಿಗೆ ತಾಗುತ್ತೆ," ಎಂದು ಬಂದವರ ಮುಂದೆ ನಗಾಡುತ್ತಿದ್ದ. ಹೆಂಡತಿಗೆ ನಗು ಬರುತ್ತಿರಲಿಲ್ಲ.

ಧ್ರುವದ ಮಂಜು ಕರಗುತ್ತಿದೆ, ಮೊಮ್ಮಕ್ಕಳ ಕಾಲಕ್ಕೂ ಈ ಏರಿಕೆ ನಿಲ್ಲುವುದಿಲ್ಲ ಎಂದು ರೇಡಿಯೊದಲ್ಲಿ ಕೇಳಿದಂದಿನಿಂದ ಅವಳು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು.

"ಎಲ್ಲೋ ಮಂಜು ಕರಗಿದ್ರೆ ನಮ್ಮನೆ ನೆಲಕ್ಕೇನು ನೆಗಡಿ?" ಎಂದಿದ್ದ ಮೇಸ್ತ್ರಿ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಮಂಚದ ಕೆಳಗೆ ನೀರು ಜಿನುಗ್ತಿದೆ, ಬಗ್ಗಿ ನೋಡಿ."

ಆ ವಾರ ಮಗಳು ಹಸುಗೂಸನ್ನು ಎತ್ತಿಕೊಂಡು ಬರುವವಳಿದ್ದಳು. ಕೂಸಿಗೆ ತೇವ ತಾಗಬಾರದೆಂದು ಮೇಸ್ತ್ರಿ ಸಡಗರದಿಂದ ನೆಲಕ್ಕೆ ಮತ್ತೊಂದು ಪದರ ಹಾಕಿದ. ಕೆಲಸವೇನೋ ಕೈಯಿಂದ ಸವರಿ ನೋಡುವಷ್ಟು ನುಣುಪಾಗಿತ್ತು. ಆದರೆ ಬಾಗಿಲ ಚೌಕಟ್ಟಿನ ಮೇಲಂಚು ಹೆಂಡತಿಯ ಎದೆಮಟ್ಟಕ್ಕೆ ಇಳಿದಿತ್ತು.

ಮರುದಿನ ನೆಲ ಗಟ್ಟಿಯಾದ ಮೇಲೆ, ಅಂಚಿಗೆ ಸಿಮೆಂಟು ಸವರಿ ಮುಗಿಸಿ ಅವನು ಕರಣೆ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅವಳು ದಿಂಬೊಂದನ್ನು ಕೂಸಿನಂತೆ ಅವಚಿಕೊಂಡಳು. ನೀರು ನುಗ್ಗಿದೆ ಎಂದು ಊಹಿಸಿಕೊಂಡು ಬಾಗಿಲಿಗೆ ಓಡಿದಳು, ಬಗ್ಗಿದಳು. ದಿಂಬಿನ ತುದಿ, ಕೂಸಿನ ತಲೆಯಿರಬೇಕಾದ ಕಡೆ, ಚೌಕಟ್ಟಿಗೆ ದಡಕ್ಕನೆ ಬಡಿಯಿತು. ಮತ್ತೆ ಓಡಿದಳು. ಈ ಸಲ ತಾನೇ ಮುಗ್ಗರಿಸಿ ದಿಂಬಿನ ಮೇಲೆ ಬಿದ್ದಳು. ಇನ್ನೊಮ್ಮೆ ಓಡಲು ಧೈರ್ಯ ಸಾಲಲಿಲ್ಲ.

"ಏನೇ ಇದು, ದಿಂಬಿನ ಜೊತೆ ಕುಸ್ತಿ?" ಎಂದು ಒಳಬಂದ ಮೇಸ್ತ್ರಿ ಹಲ್ಲು ಕಿರಿದ.

ಅವಳು ಮಗಳಿಗೆ ಫೋನು ಮಾಡಿದಳು. "ಬರ್ಬೇಡಮ್ಮ. ನೀರು ನುಗ್ಗಿದ್ರೆ ಮಗು ಎತ್ಕೊಂಡು ಈ ಬಾಗಿಲು ದಾಟೋಕಾಗಲ್ಲ. ಈಗ ತಾನೇ ನೋಡ್ದೆ."

ಆ ಕಡೆ ಕೂಸು ಅಳುತ್ತಿತ್ತು. "ಸರಿ, ಬರಲ್ಲ," ಎಂದಳು ಮಗಳು. "ಮತ್ತೆ ನೀವಿಬ್ರು ಹೇಗಮ್ಮ ದಾಟ್ತೀರಿ?"

ಅವಳು ಗಂಡನತ್ತ ನೋಡಿದಳು. ಅವನಿಗೂ ಕೇಳಿಸಿತ್ತು. ಎಂಥ ಮಾತಿಗೂ ಒಂದು ಕುಚೋದ್ಯ ಸಿದ್ಧವಿಟ್ಟುಕೊಂಡಿರುವ ಆಸಾಮಿ ಬಾಗಿಲನ್ನೇ ನೋಡುತ್ತ ನಿಂತಿದ್ದ. ಕೈಯಲ್ಲಿದ್ದ ಕರಣೆಯನ್ನು ಮೂಲೆಗಿಟ್ಟ.

"ನಾಳೆನೇ ನಾವು ಅಲ್ಲಿಗೆ ಬರ್ತೀವಿ ಅಂತ ಹೇಳು," ಎಂದ. ಆಮೇಲೆ ಕೇಳಿಸಿತೋ ಇಲ್ಲವೋ ಎಂಬಂತೆ ಹೇಳಿದ: "ಈ ಬೀದೀಲಿ ಎಲ್ಲರ ಬಾಗಿಲೂ ನಾನೇ ಕೊಯ್ದಿರೋದು ಕಣೇ."