ಆ ದಡದಲ್ಲಿ ಕಾಣದವಳು

ವೋಲ್ಟಾ ಸರೋವರದಲ್ಲಿ ಸಂತೆಯ ದೋಣಿ ಮುಳುಗಿದ ದಿನ ಜಿಗ್ಬೋದಿಯನ್ನೂ ಹೆಣಗಳ ಸಾಲಿನಲ್ಲೇ ಮಲಗಿಸಿದ್ದರು. ನೀರಲ್ಲಿ ಮುಳುಗಿದ್ದ ಸತ್ತ ಮರದ ಬೊಡ್ಡೆಗೆ ಬಡಿದು ದೋಣಿ ಒಡೆದಿತ್ತು. ಪಕ್ಕದಲ್ಲಿ ತಂಗಿ ಎನ್ಯೋನಾಮ್. ಮುಖ ಮುಚ್ಚಲು ಬಂದ ಮೀನುಗಾರನೊಬ್ಬ ಜಿಗ್ಬೋದಿಯ ತುಟಿ ಅದುರಿದ್ದು ಕಂಡು, ಬೋರಲು ಹಾಕಿ ಬೆನ್ನು ಗುದ್ದಿದ. ನೀರು ಕಕ್ಕಿ ಅವಳು ಉಸಿರೆಳೆದಳು. ಎನ್ಯೋನಾಮಳ ಬೆನ್ನನ್ನೂ ಗುದ್ದಿದರು. ಅವಳು ಏಳಲಿಲ್ಲ.

ತಂಗಿಯನ್ನು ಮಣ್ಣು ಮಾಡಿದ ಮೇಲೆ, ಕಟ್ಟಿಹೋಗಿದ್ದ ದನಿ ಮರಳಿದ ದಿನ, ಜಿಗ್ಬೋದಿ ಸತ್ತಂತೆ ಬಿದ್ದಿದ್ದಾಗ ತಾನು ಕಂಡದ್ದನ್ನು ಹೇಳಿದಳು. ಬಿಳಿ ಮರಳಿನ ದಡ. ಕಣ್ಣು ಕುಕ್ಕದ ಬೆಳಕು. ಸತ್ತು ಆರು ವರ್ಷವಾದ ಅಪ್ಪ ಬಲೆ ಹೆಣೆಯುತ್ತ ಕೂತಿದ್ದ. 'ನಿನ್ ಹೊತ್ತಿನ್ನೂ ಬಂದಿಲ್ಲ, ಹೋಗು' ಅಂದ.

ಅವ್ವ ಅವಳ ಕೈ ಬಿಗಿಯಾಗಿ ಹಿಡಿದಳು. "ಎನ್ಯೋನಾಮ್ ಎಲ್ಲಿ ಕೂತಿದ್ಲು?"

"ಅವಳಿರಲಿಲ್ಲ ಅವ್ವ."

"ನಿನ್ ಜೊತೇಲೇ ಮುಳುಗಿದ್ಲಲ್ಲೇ."

"ಹೌದು. ಆದ್ರೆ ಇರಲಿಲ್ಲ. ಅಪ್ಪನ ಪಕ್ಕ ಸೆನ್ಯೋ ಇದ್ದ."

ಮಣ್ಣಿಗೆಂದು ಅಕ್ರಾ ನಗರದಿಂದ ಬಂದಿದ್ದ ತಮ್ಮ ಸೆನ್ಯೋ ಬಾಗಿಲಲ್ಲಿ ಕೂತು ಬಂಕು ಮುದ್ದೆ ಮುರಿದು ಸಾರಿಗದ್ದುತ್ತಿದ್ದ. "ನಾನಿಲ್ಲೇ ಇದೀನಲ್ಲಕ್ಕ. ಸತ್ತವರ ಹತ್ರ ನಂಗೇನು ಕೆಲ್ಸ?" ಅಂದವನು ತುತ್ತು ಬಾಯಿಗಿಡಲಿಲ್ಲ.

ಸುದ್ದಿ ಕೇಳಿ ಪಾಸ್ಟರ್ ಅಗ್ಬೆಕೋ ಬಂದರು. ದೋಣಿ ದುರಂತದ ನಂತರ ಅವರ ಪ್ರಾರ್ಥನಾಲಯದಲ್ಲಿ ಅರ್ಧದಷ್ಟು ಬೆಂಚುಗಳು ಖಾಲಿಯಿದ್ದವು. "ಭಾನುವಾರ ಪ್ರಾರ್ಥನೇಲಿ ಎದ್ದು ನಿಂತು ಸಾಕ್ಷಿ ಹೇಳಮ್ಮ. ಜನಕ್ಕೆ ಧೈರ್ಯ ಬೇಕಾಗಿದೆ. ಬೆಳಕು, ಅಪ್ಪ, ಅಷ್ಟು ಸಾಕು. ತಮ್ಮನ ವಿಷ್ಯ ಬೇಡ."

"ಅಪ್ಪನ್ನ ಕಂಡಷ್ಟೇ ಸ್ಪಷ್ಟವಾಗಿ ಅವನನ್ನೂ ಕಂಡೆ, ಪಾಸ್ಟ್ರೇ. ಒಂದು ನಿಜ, ಇನ್ನೊಂದು ಭ್ರಮೆ ಅಂತ ಹೆಂಗೆ ಆರಿಸ್ಲಿ?"

"ದೇವ್ರು ಕೊಟ್ಟಿದ್ದನ್ನ ಜರಡಿ ಹಿಡೀಬಾರ್ದು."

"ಹಿಡೀತಿರೋದು ನೀವು."

ಅವರು ಸಿಟ್ಟಾಗಲಿಲ್ಲ. ಅವರ ಮೈದುನನೂ ಅದೇ ದೋಣಿಯಲ್ಲಿದ್ದ. ಟೋಪಿ ಹಾಕಿಕೊಂಡು ಎದ್ದುಹೋದರು.

ಭಾನುವಾರ ಜಿಗ್ಬೋದಿ ಎದ್ದು ನಿಂತಳು. ಬೆಳಕಿನ ಮಾತಿಗೆ ಹೆಂಗಸರು ಅತ್ತರು, ಅಪ್ಪನ ಮಾತಿಗೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಅವ್ವ ಕತ್ತೆತ್ತಿ ಕಾಯುತ್ತಿದ್ದಳು. ಜಿಗ್ಬೋದಿ ಉಳಿದದ್ದನ್ನೂ ಹೇಳಿದಳು. ಬದುಕಿರುವ ತಮ್ಮ ಅಲ್ಲಿದ್ದ, ಸತ್ತ ತಂಗಿ ಇರಲಿಲ್ಲ. ಪಾಸ್ಟರ್ ಹಾಡು ಶುರುಮಾಡಿದರು. ಅವ್ವ ಹಾಡಲಿಲ್ಲ.

ಮರುದಿನವೇ ಸೆನ್ಯೋ ಅಕ್ರಾದ ವ್ಯಾನು ಹತ್ತಿದ. ಅವನಿಗೇನೂ ಆಗಲಿಲ್ಲ. ಆದರೂ ಫೋನು ಬಡಿದುಕೊಂಡಾಗಲೆಲ್ಲ ಅವನದೇ ಕೆಟ್ಟ ಸುದ್ದಿಯೆಂದು ಅವ್ವ ಕೈಯ ಕೆಲಸ ಬಿಟ್ಟು ಓಡುತ್ತಿದ್ದಳು. ಎನ್ಯೋನಾಮಳ ಗೋರಿಗೆ ಹೋಗುವುದನ್ನು ಅವಳು ಬಿಟ್ಟಳು. ಆ ದಡದಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದರೆ ಯಾರ ಹತ್ತಿರ ಮಾತಾಡಲಿ ಅನ್ನುತ್ತಿದ್ದಳು. ಊಟ ಕಡಿಮೆಯಾಗುತ್ತ ಬಂತು. ಹಬ್ಬಕ್ಕೆ ಹೊಲಿಸಿದ ರವಿಕೆ ತೋಳಲ್ಲಿ ಜೋತಾಡತೊಡಗಿತು.

ಒಂದು ಮಧ್ಯಾಹ್ನ ಇಬ್ಬರೂ ಒಲೆಯ ಮುಂದೆ ಮೀನಿಗೆ ಹೊಗೆ ಹಾಕುತ್ತಿದ್ದಾಗ ಅವ್ವ ಕೇಳಿದಳು: "ಆ ದಡದಲ್ಲಿ ಬೆನ್ನು ತಿರುಗಿಸಿ ನಿಂತವ್ರು ಯಾರಾದ್ರೂ ಇದ್ರಾ?"

ಅಂಥವರು ಯಾರೂ ಜಿಗ್ಬೋದಿಗೆ ನೆನಪಿರಲಿಲ್ಲ. ಎದ್ದು ಕಾಣುತ್ತಿದ್ದ ಅವ್ವನ ಕೊರಳಿನ ಎಲುಬು ನೋಡಿದಳು.

"ಇದ್ರು ಅವ್ವ. ದೂರದಲ್ಲಿ. ನೀರಿನ ಕಡೆ ಮುಖ ಮಾಡ್ಕೊಂಡು."

"ಅವಳೇ," ಅಂದಳು ಅವ್ವ. "ಕೂಗಿದ್ರೂ ತಿರುಗೋಳಲ್ಲ ಅವಳು. ನೀನು ಸರಿಯಾಗಿ ನೋಡ್ಲಿಲ್ಲ."

ಅಂದು ಅವ್ವ ಒಂದು ಇಡೀ ಮೀನು ತಿಂದಳು. ಜಿಗ್ಬೋದಿಗೆ ತಿನ್ನಲಾಗಲಿಲ್ಲ. ದಿನ ಕಳೆದಂತೆ ಆ ಬೆನ್ನುಗಳು ಅವಳ ಕಣ್ಣ ಮುಂದೆಯೂ ಬರತೊಡಗಿದವು. ಅಪ್ಪನಷ್ಟೇ ಸ್ಪಷ್ಟ, ಸೆನ್ಯೋನಷ್ಟೇ ಸ್ಪಷ್ಟ. ತಾನು ನಿಜವಾಗಿ ಕಂಡದ್ದು ಯಾವುದೆಂದು ಹೇಳಲು ಅವಳಿಗೆ ಆಮೇಲೆ ಎಂದೂ ಆಗಲಿಲ್ಲ.