ಕಳೆಯುವ ಚಿಹ್ನೆಯ ನಂತರ

ನನ್ನ ಗಂಡ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ. ಅವನ ಫೋನಿನ ಕ್ಯಾಲ್ಕುಲೇಟರಿನಲ್ಲಿ ಎಂಟು ತಿಂಗಳಿಂದ ಒಂದೇ ಲೆಕ್ಕ ನಿಂತಿದೆ: 418 + 60 −.

ಆ ಬೆಳಿಗ್ಗೆ ಅಷ್ಟು ಒತ್ತಿ, "ಈಗ ಬಂದೆ" ಎಂದು ಎದ್ದು ಹೋದ. ರಸ್ತೆಯಾಚೆ ಕುಸಿದವನು ಮತ್ತೆ ಏಳಲಿಲ್ಲ. ಅಂಗಡಿಯನ್ನು ಈಗ ನಾನೂ ನಾದಿನಿಯೂ ನಡೆಸುತ್ತೇವೆ. ಆ ಕ್ಯಾಲ್ಕುಲೇಟರ್ ನಾನು ಮುಟ್ಟಿಲ್ಲ. ಅಳತೆಗಳನ್ನು ಕಾಗದದ ಮೇಲೆ ಕೂಡುತ್ತೇನೆ.

ಇವತ್ತು ನಾದಿನಿ ಅವನ ಫೋನ್ ಹಿಡಿದು ಬಂದಳು.

"ಅತ್ತಿಗೆ, ಕ್ಯಾಲ್ಕುಲೇಟರಿಗೆ ಹೊಸ ಆವೃತ್ತಿ ಬಂದಿದೆ. ಗುಂಡಿ ದೊಡ್ಡದಾಗಿದೆಯಂತೆ. ಇಂಚು ಹಾಕಿದ್ರೆ ಅದೇ ಮಿಲಿಮೀಟರ್ ಮಾಡಿಕೊಡುತ್ತಂತೆ. ಮಾಡಿದ ಲೆಕ್ಕ ಎಲ್ಲಾ ಉಳಿಯುತ್ತಂತೆ."

"ಈಗಿರೋ ಲೆಕ್ಕ?"

ಅವಳು ಪರದೆಯನ್ನು ಸರಿಸಿ ಕೊನೆತನಕ ಓದಿದಳು. "ಅದು ಹೋಗುತ್ತೆ. ಹಾಕಿಕೊಳ್ಳದಿದ್ರೆ ನಾಳೆಯಿಂದ ಹಳೇದು ತೆರೆಯೋದೇ ಇಲ್ವಂತೆ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳೋಣ್ವಾ?"

"ಬೇಡ. ಚಿತ್ರದಲ್ಲಿ ಮುಂದಿನ ಗುಂಡಿ ಒತ್ತೋಕಾಗಲ್ಲ."

ಅವನು ಲೆಕ್ಕವನ್ನು ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಿದ್ದ. ಹೆಬ್ಬೆರಳಿಗೆ ಯಾವಾಗಲೂ ಅಂಟು. ಕೊನೆಗೆ ನನ್ನತ್ತ ತಿರುಗಿ, "ಎಂ.ಎಸ್ಸಿ. ಮೇಡಂ, ಸರಿನಾ?" ಎನ್ನುತ್ತಿದ್ದ. ನಾನು ಪುಸ್ತಕದಿಂದ ತಲೆ ಎತ್ತದೆ "ಸರಿ" ಎನ್ನುತ್ತಿದ್ದೆ. ಲೆಕ್ಕವನ್ನು ನಾನು ಕೇಳಿಸಿಕೊಂಡೇ ಇರುತ್ತಿರಲಿಲ್ಲ.

"ಮುಗಿಸಿಬಿಡಿ. ಅಣ್ಣ ಯಾವಾಗ್ಲೂ ಆರೇ ಕಳೀತಿದ್ದ," ಎಂದಳು ನಾದಿನಿ.

ನಿಜ. ಚಿತ್ರದ ಸುತ್ತ ರಟ್ಟಿನ ಅಂಚು ಬರುತ್ತದೆ, ಒಂದೊಂದು ಬದಿಗೆ ಮೂವತ್ತು ಮಿಲಿಮೀಟರ್. ಅದು ಚಿತ್ರದ ಮೇಲೆ ಎಡಕ್ಕೆ ಮೂರು, ಬಲಕ್ಕೆ ಮೂರು ಹತ್ತಿ ಕೂರುತ್ತದೆ. ಆ ಆರನ್ನು ಕಳೆದರೆ ಗಾಜಿನ ಅಗಲ. ಕಣ್ಣು ಮುಚ್ಚಿ ಒತ್ತುವಂಥದ್ದು. ಮತ್ತೆ ಅಲ್ಲಿ ಯಾಕೆ ನಿಂತ?

ಒಪ್ಪಿಸದೆ ಉಳಿದ ಚಿತ್ರಗಳನ್ನು ಒಂದೊಂದಾಗಿ ಅಳೆದೆವು. 418 ಅಗಲದ್ದು ಒಂದೇ: ನಿವೃತ್ತ ಸರ್ವೇಯರ್ ತಾತ ಒಬ್ಬರು ಕೊಟ್ಟಿದ್ದ, ಅವರೇ ಕೈಯಾರೆ ಬರೆದ ನಕ್ಷೆ. ಮೂರು ಸಲ ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ಹೋಗಿದ್ದರು.

ನಕ್ಷೆಯನ್ನು ಬೆಳಕಿಗೆ ಹಿಡಿದೆ. ಎಡ ಅಂಚಿನ ಉದ್ದಕ್ಕೂ ಪೆನ್ಸಿಲಿನ ಸಣ್ಣ ಅಕ್ಷರಗಳು, ಅಳೆದ ದಿನದ ಟಿಪ್ಪಣಿ. ಅಂಚಿನಿಂದ ಎರಡೇ ಮಿಲಿಮೀಟರ್ ಒಳಗೆ. ಮೂರು ಮುಚ್ಚಿದರೆ ಅಕ್ಷರಗಳೂ ಮುಚ್ಚುತ್ತವೆ.

"ನೋಡೇ. ಸಾವು ಬಂದು ನಿಲ್ಲಿಸಿದ್ದಲ್ಲ ಇದು. ಯೋಚನೆ ಮಾಡೋಕೆ ನಿಂತಿದ್ದಾನೆ."

ಅವಳು ಬಗ್ಗಿ ನೋಡಿ ಮೂಗೊರೆಸಿಕೊಂಡಳು. "ಅಣ್ಣ ಯೋಚನೆ ಮಾಡಿದ್ದ ಅಂದ್ರೆ ಊರೇ ನಂಬಲ್ಲ ಬಿಡಿ."

ನಕ್ಕೆವು. ನನಗೆ ನಗು ಬಂದದ್ದು ನನಗೇ ವಿಚಿತ್ರವೆನಿಸಿತು.

"ಹಂಗಾದ್ರೆ ಎಷ್ಟು ಕಳೀತಿದ್ದ?"

"ಗೊತ್ತಿಲ್ಲ. ನಾನಾದ್ರೆ ಎರಡು. ಬದಿಗೆ ಒಂದೊಂದು."

"ಅಷ್ಟಕ್ಕೆ ನಿಲ್ಲುತ್ತಾ? ಜಾರಿಬಿಟ್ರೆ?"

"ಹಿಂದಿನಿಂದ ಕಾಗದದ ಪಟ್ಟಿ ಹಚ್ಚಿ ಹಿಡಿಸ್ತೀನಿ."

ಎರಡು ಒತ್ತಿದೆ. ನಂತರ ಸಮ ಚಿಹ್ನೆ. 476 ಎಂದಿತು. ಎಂಟು ತಿಂಗಳು ಕಾದದ್ದಕ್ಕೆ ಉತ್ತರ ಬರಲು ಅರೆಕ್ಷಣವೂ ಬೇಕಾಗಲಿಲ್ಲ.

"ಸರಿನಾ?" ಎಂದು ನಾದಿನಿಯನ್ನು ಕೇಳಿದೆ.

ಅವಳು ಬೆರಳು ಮಡಿಸಿ, ಇನ್ನೊಮ್ಮೆ ಎಣಿಸಿ, ತಲೆಯಾಡಿಸಿದಳು.

ಹೊಸ ಆವೃತ್ತಿ ಹಾಕಿಕೊಳ್ಳಲು ಒಪ್ಪಿಗೆ ಒತ್ತಿ, ಫೋನನ್ನು ಪಕ್ಕಕ್ಕಿಟ್ಟೆ. ಅದು ಇಳಿಯುವಷ್ಟರಲ್ಲಿ ಗಾಜನ್ನು ಮೇಜಿನ ಮೇಲೆ ಮಲಗಿಸಿ 476ಕ್ಕೆ ಗುರುತು ಹಾಕಿದೆವು. ನಾನು ಕೊಯ್ಯುವಾಗ ಅವಳು ಅಳತೆಪಟ್ಟಿ ಹಿಡಿದಳು.